ಉಪ್ಪಾಗೆ ಮಾಗುವವರೆಗೆ



ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಇಂದು ಹೊರಗಿನವರಿಗೂ ಪರಿಚಿತ. ಆ ಕಾನಿನ ತಗ್ಗುಗಳಲ್ಲಿ ಬೇಸಿಗೆಯಲ್ಲೂ ಆರದ ರಾಮಪತ್ರೆ ಜಡ್ಡಿಗಳಿವೆ. ಮಡಿಸಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದ ಬೇರುಗಳ ಮೂಲಕ ಮರಗಳು ಉಸಿರಾಡುತ್ತವೆ. ಗುಡ್ಡೆಗೇರಿನ ಕುಲದ ಒಂದು ಹೊಸ ಮರವನ್ನು 2000ದಲ್ಲಿ ವಿಜ್ಞಾನಿಗಳು ಇಲ್ಲಿಂದಲೇ ಜಗತ್ತಿಗೆ ಪರಿಚಯಿಸಿದರು. ಅದರ ಶಾಸ್ತ್ರೀಯ ನಾಮದಲ್ಲಿ ಕತ್ತಲೆಕಾನಿನ ಹೆಸರೇ ಇದೆ. 2011ರಲ್ಲಿ ಈ ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶಕ್ಕೂ, 2019ರಲ್ಲಿ ವಿಸ್ತರಿಸಿದ ಶರಾವತಿ ಅಭಯಾರಣ್ಯಕ್ಕೂ ಸೇರಿತು.

ಇಷ್ಟೆಲ್ಲ ರಕ್ಷಣೆ ದೊರೆತ ಮೇಲೆ ಊರಿನವರಿಗೇನು ಕೆಲಸ ಎಂದು ಕೇಳುವವರಿದ್ದಾರೆ. ಕಾನಿನ ಕೆಳಗಿನ ಗದ್ದೆ, ಅಡಿಕೆ ತೋಟಗಳಿಗೆ ನೀರುಣಿಸುವುದು ಈ ಜಡ್ಡಿಗಳೇ. ಹಿಂದಿನವರು ಎಷ್ಟೋ ಜಡ್ಡಿಗಳನ್ನು ಕಡಿದು ತೋಟ ಮಾಡಿದ್ದೂ ಆ ನೀರಿನ ಆಸೆಗೇ ಎಂಬುದನ್ನು ಮರೆಮಾಚಬೇಕಿಲ್ಲ. ಆದರೆ ಇಂದು ನಾನು ಹೇಳಹೊರಟಿರುವುದು ಉಪ್ಪಾಗೆಯ ವಿಷಯ.

ಉಪ್ಪಾಗೆ ಸಿಂಗಳೀಕಕ್ಕೆ ಮಳೆಗಾಲದ ಆಹಾರ. ನಮಗೆ ಅಡಿಗೆಯ ಹುಳಿ, ಬೀಜದ ತುಪ್ಪ, ಮಳೆಗಾಲದ ಕೈಗಾಸು. ಹಳದಿಗೆ ತಿರುಗಿ ಉದುರಿದ ಹಣ್ಣನ್ನು ಹೆಕ್ಕಿದರೆ ಸಿಪ್ಪೆಯೂ ದೊರೆಯುತ್ತದೆ, ಬಲಿತ ಬೀಜವೂ ದೊರೆಯುತ್ತದೆ. ಉಳಿದದ್ದು ಕಾನಿನಲ್ಲಿ ಮೊಳೆಯುತ್ತದೆ. 1990ರ ದಶಕದಲ್ಲಿ ಇದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ಬೊಜ್ಜು ಕರಗಿಸುತ್ತದೆಂದು ಪರದೇಶಗಳಲ್ಲಿ ಪ್ರಚಾರವಾಗಿ ಬೆಲೆ ಏರಿತು. 1998ರಲ್ಲಿ ಪ್ರಕಟವಾದ ಅಮೆರಿಕದ ವೈದ್ಯರ ಪರೀಕ್ಷೆಯಲ್ಲಿ, ಔಷಧಿಯಿಲ್ಲದ ಗುಳಿಗೆ ನುಂಗಿದವರಿಗಿಂತ ಹೆಚ್ಚಿನ ತೂಕವೇನೂ ಇದರಿಂದ ಇಳಿದಿರಲಿಲ್ಲ. ಅವರ ಬೊಜ್ಜು ಕರಗಿತೋ ಇಲ್ಲವೋ, ನಮ್ಮ ಮರಗಳ ಕೊಂಬೆಗಳಂತೂ ಕರಗಿದವು. ಎಳೆಗಾಯಿಗಳನ್ನು ಕೊಂಬೆ ಸಮೇತ ಕಡಿದು ಇಳಿಸಿದರು. ಮಳೆಯಲ್ಲಿ ಬಿಸಿಲಿಲ್ಲವೆಂದು ಒಲೆಯ ಮೇಲೆ ಒಣಗಿಸಲು ಅದೇ ಕಾಡಿನ ಕಟ್ಟಿಗೆಯನ್ನು ಉರಿಸಿದರು.

ಎಳೆಗಾಯಿ ಕೊಯ್ಯುವವನು ದುರಾಸೆಯವನೇ ಆಗಿರಬೇಕೆಂದಿಲ್ಲ. ತಾನು ಬಿಟ್ಟ ಮರವನ್ನು ನಾಳೆ ಬೇರೊಬ್ಬ ಬೋಳಿಸುತ್ತಾನೆಂಬ ಭಯ ಅವನದು. ಕಾಯುವವನಿಗೆ ನಷ್ಟವಾಗುವಲ್ಲಿ ಯಾರು ಕಾದಾರು? ಕಾವಲುಗಾರನೊಬ್ಬ ಇಡೀ ಕಾನಿನ ಮರಮರಕ್ಕೂ ನಿಲ್ಲಲಾರ. ಇಡೀ ಊರು ಒಟ್ಟಿಗೆ ಕಾಯಬೇಕು. ಕೊಯ್ಲಿನ ದಿನವನ್ನು ಊರೇ ಗೊತ್ತುಮಾಡಬೇಕು.

ಅದಕ್ಕೆ ಕಾನೂನಿನ ಆಧಾರವಿದೆ. 2006ರ ಅರಣ್ಯ ಹಕ್ಕು ಕಾಯ್ದೆಯು ಅಭಯಾರಣ್ಯಗಳಿಗೂ ಅನ್ವಯಿಸುತ್ತದೆ. ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಹಕ್ಕನ್ನು ಅದು ಮನ್ನಿಸುತ್ತದೆ. ಕಾಡಿಗೆ ಕೇಡು ತರುವ ಚಟುವಟಿಕೆಯನ್ನು ತಡೆಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಡುತ್ತದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರುಗಳ, ಎಂದರೆ 75 ವರ್ಷಗಳ, ವಾಸ ಮತ್ತು ಅವಲಂಬನೆಗೆ ಸಾಕ್ಷ್ಯ ಒದಗಿಸಬೇಕು. ಕಠಿಣವಾದ ಷರತ್ತು, ನಿಜ. ಆದರೆ ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷ್ಯವಾಗುತ್ತದೆಂದು ನಿಯಮಗಳು ಹೇಳುತ್ತವೆ.

ವಿದ್ಯಾರ್ಥಿ ಮಿತ್ರರೇ, ಇದು ನಿಮ್ಮಿಂದಲೇ ಆಗಬೇಕಾದ ಕೆಲಸ. ಯಾವ ಕಾನಿನಲ್ಲಿ ಯಾರು ಹೆಕ್ಕುತ್ತಿದ್ದರು, ಎಂದು ಹೆಕ್ಕುತ್ತಿದ್ದರು ಎಂಬುದನ್ನು ಊರಿನ ಅಜ್ಜ ಅಜ್ಜಿಯರ ಬಾಯಿಂದ ಕೇಳಿ ಬರೆದು ಅವರ ಸಹಿ, ಹೆಬ್ಬೆಟ್ಟು ಪಡೆಯಿರಿ. ಮಳೆ ಹಿಡಿದ ಮೇಲೆ ಮೊದಲ ಉಪ್ಪಾಗೆ ಹಳದಿಯಾದ ದಿನವನ್ನೂ ಅದೇ ಪುಸ್ತಕದಲ್ಲಿ ಗುರುತಿಸಿರಿ. ಗ್ರಾಮಸಭೆಯ ಮುಂದೆ ಆ ಪುಸ್ತಕವನ್ನಿಟ್ಟು ಕೊಯ್ಲಿನ ದಿನವನ್ನು ಗೊತ್ತುಮಾಡೋಣ.