ಮೂರನೇ ತರಗತಿಯ ಒಂದು ವಾರ



ನಮ್ಮ ಮೂರನೇ ತರಗತಿಯ ಮಕ್ಕಳು ಉರ್ದುವನ್ನು ಬಲದಿಂದ ಎಡಕ್ಕೆ, ಕನ್ನಡವನ್ನು ಎಡದಿಂದ ಬಲಕ್ಕೆ ಬರೆಯುತ್ತಾರೆ. ಸೋಮವಾರ ಕೆಲವರು ಕನ್ನಡದ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆಯುವುದುಂಟು. ಅದು ಬುಧವಾರದೊಳಗೆ ಸರಿಹೋಗುತ್ತದೆ. ಆದರೆ ಉರ್ದುವಿನಲ್ಲಿಲ್ಲದ 'ಳ' ಅಷ್ಟು ಸುಲಭಕ್ಕೆ ಬರುವುದಿಲ್ಲ. ಒಬ್ಬ ಹುಡುಗ 'ನಮ್ಮ ಅಜ್ಜಿ ಹಲ್ಲಿಯಲ್ಲಿದ್ದಾರೆ' ಎಂದು ಓದಿದ. ತರಗತಿ ನಕ್ಕಿತು, ನಾನೂ ನಕ್ಕೆ. ಆಮೇಲೆ ಎರಡು ವಾರ ಅವನು ಕನ್ನಡದಲ್ಲಿ ಬಾಯಿಯೇ ಬಿಡಲಿಲ್ಲ. ತಪ್ಪು ನನ್ನದು.

ಅಂದಿನಿಂದ ಶನಿವಾರದ ಕೊನೆಯ ಪಿರಿಯಡ್‌ನಲ್ಲಿ ಬೆಲೆ-ಬೆಳೆ, ಹಲ್ಲಿ-ಹಳ್ಳಿ ಆಟ ಆಡಿಸುತ್ತೇನೆ. ನಾಲಿಗೆಯನ್ನು ಹಿಂದಕ್ಕೆ ಮಡಚಬೇಕು. ಚಿಕ್ಕಂದಿನಲ್ಲಿ ನನಗೂ ಬರುತ್ತಿರಲಿಲ್ಲ ಎಂದರೆ ಮಕ್ಕಳಿಗೆ ಬಹಳ ಖುಷಿ!

ನವೆಂಬರ್ ಬಂತೆಂದರೆ 1ರಂದು ರಾಜ್ಯೋತ್ಸವ, 11ರಂದು ಮೌಲಾನಾ ಆಜಾದರ ಜನ್ಮದಿನ, 14ರಂದು ಮಕ್ಕಳ ದಿನಾಚರಣೆ. ತಾಲೀಮಿಗೆ ಹೋಗುವುದು ಕನ್ನಡದ ಪಿರಿಯಡ್ಡೇ. ವೇದಿಕೆ ಹತ್ತುವವರು ಮಾತ್ರ ಅದೇ ಐದಾರು ಮಕ್ಕಳು. ಈ ಬಾರಿ ರಾಜ್ಯೋತ್ಸವಕ್ಕೆ ಪ್ರತಿ ಮಗುವೂ ಒಂದೊಂದು ವಾಕ್ಯ ಹೇಳಲಿ ಎಂದೆ. ಆ ಹುಡುಗನೂ ಮೈಕಿನ ಮುಂದೆ ಬಂದು 'ನಮ್ಮ ಅಜ್ಜಿ ಹಳ್ಳಿಯಲ್ಲಿದ್ದಾರೆ' ಎಂದ. 'ಳ'ವನ್ನು ಸ್ವಲ್ಪ ಜಾಸ್ತಿಯೇ ಒತ್ತಿದ.

ಆಡಳಿತ ಮಂಡಳಿಯವರಲ್ಲಿ ನನ್ನ ಅರಿಕೆ ಇಷ್ಟೇ: ಮುಂದಿನ ವರ್ಷ ತಾಲೀಮಿಗೆ ಬೇರೆ ಸಮಯ ಕೊಡಿ, ಕನ್ನಡದ ಪಿರಿಯಡ್ಡನ್ನು ನಮಗೇ ಬಿಡಿ.