ವಿಮಾನ ಹಾರಿಸುವ ಮಗಳು ಮತ್ತು ನಮ್ಮ ಸಂಘದ ಕೆಲಸ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವೇದಿಕೆ ಮೇಲಿನ ಹಿರಿಯರೇ, ಸಂಘದ ತಮ್ಮಂದಿರೇ, ಉಮರ್ಗಾ, ನಿಲಂಗಾ, ಉದಗೀರ ಕಡೆಯಿಂದ ಬಂದ ಅವ್ವಂದಿರೇ, ಅಕ್ಕ-ತಂಗಿಯರೇ, ನಮ್ಮ ಹೆಣ್ಣುಮಕ್ಕಳು ಸೈನ್ಯದ ವಿಮಾನ ಹಾರಿಸಬಹುದೇನು ಅನ್ನೋದು ನನ್ನ ಇವತ್ತಿನ ವಿಷಯ. ನಗೋರು ನಗ್ರಿ, ಆದ್ರ ಪೂರಾ ಕೇಳಿ ನಗ್ರಿ.

ಹೊಲದಾಗ ಕಳೆ ತೆಗೆಯುವಾಗ ತಲೆ ಮ್ಯಾಲೆ ಗುಡುಗಿದಂಗ ವಿಮಾನ ಹೋಗೋದು ನೀವು ಕೇಳೀರಿ. ನಮ್ಮ ಪಕ್ಕದ ಬೀದರದಾಗ ವಾಯುಸೇನೆಯ ತರಬೇತಿ ನೆಲೆ ಅದ. ಯುದ್ಧವಿಮಾನದ ಪೈಲಟ್ ಆಗುವವರು ಅಲ್ಲಿ ಹಾಕ್ ಎಂಬ ಜೆಟ್ ವಿಮಾನ ಹಾರಿಸಲು ಕಲಿಯುತ್ತಾರೆ. 2016ರ ಜೂನ್ 18ರಂದು ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿಯಿಂದ ದೇಶದ ಮೊದಲ ಮಹಿಳಾ ಯುದ್ಧ ಪೈಲಟ್‌ಗಳಾಗಿ ಹೊರಬಂದರು. ಮುಂದೆ ಇದೇ ಬೀದರದಲ್ಲಿ ಹಾಕ್ ಹಾರಿಸಿದರು. ಆ ದಿನ ನಮ್ಮ ಆಕಾಶದಾಗ ಹೋದ ವಿಮಾನದಾಗ ಒಬ್ಬ ಹೆಣ್ಣುಮಗಳು ಇದ್ದಿರಬಹುದು. ನಾವು ಒಳಗ ಯಾವನೋ ಗಂಡಸ ಅದಾನ ಅಂದ್ಕೊಂಡು ಮತ್ತ ಕುರಪಿ ಹಿಡಿದ್ವಿ.

ಸೈನ್ಯದ ಬಾಗಿಲು ಮುಚ್ಚೋದು, ತೆಗೆಯೋದು ನಮ್ಮ ಜನಕ್ಕ ಹೊಸದಲ್ಲ. ಬಾಬಾಸಾಹೇಬರ ತಂದೆ ರಾಮಜಿ ಸುಭೇದಾರರಾಗಿದ್ದರು. 1890ರ ದಶಕದಲ್ಲಿ ಬ್ರಿಟಿಷರು ಮಹಾರರನ್ನು ಸೈನ್ಯಕ್ಕೆ ತಗೊಳ್ಳೋದು ನಿಲ್ಲಿಸಿದರು. ಮೊದಲ ಮಹಾಯುದ್ಧಕ್ಕೆ ಮತ್ತೆ ಕರೆದು, ಯುದ್ಧ ಮುಗಿದ ಮೇಲೆ ಆ ಪಲ್ಟಣ ಮುರಿದರು. ಕೊನೆಗೆ 1941ರಲ್ಲಿ ಮಹಾರ್ ರೆಜಿಮೆಂಟ್ ಕಟ್ಟಿದ್ದು ನಮ್ಮ ಕನ್ನಡ ನೆಲದ ಬೆಳಗಾವಿಯಲ್ಲಿ. ಕೇಳಿಕೊಂಡು, ಹೋರಾಡಿ ತೆಗೆಸಿದ ಬಾಗಿಲು ಅದು.

ಹೆಣ್ಣುಮಕ್ಕಳ ಬಾಗಿಲೂ ಹಾಂಗೇ ತೆರೀತು. 1994ರ ಹೊತ್ತಿಗೆ ಸಾಗಣೆ ವಿಮಾನ, ಹೆಲಿಕಾಪ್ಟರ್ ಹಾರಿಸಲು ಅವರನ್ನು ತಗೊಂಡರು. 1999ರ ಕಾರ್ಗಿಲ್ ಯುದ್ಧದಲ್ಲಿ ಗುಂಜನ್ ಸಕ್ಸೇನಾ, ಶ್ರೀವಿದ್ಯಾ ರಾಜನ್ ಹೆಲಿಕಾಪ್ಟರ್ ಹಾರಿಸಿದರು. ಆದರೂ ಯುದ್ಧವಿಮಾನಕ್ಕೆ ಇನ್ನೂ 17 ವರ್ಷ ಕಾಯಬೇಕಾಯಿತು. ಹನ್ನೆರಡನೇ ತರಗತಿ ಮೇಲೆ ಬರೆಯುವ ಎನ್.ಡಿ.ಎ. ಪರೀಕ್ಷೆಗೆ ಹೆಣ್ಣುಮಕ್ಕಳನ್ನು ಕೂಡಿಸಿರಿ ಅಂತ ಸುಪ್ರೀಂ ಕೋರ್ಟ್ 2021ರ ಆಗಸ್ಟ್‌ನಲ್ಲಿ ಹೇಳಬೇಕಾಯಿತು. ಆ ಮೊದಲ ತಂಡದ 17 ಮಂದಿ 2025ರ ಮೇ 30ರಂದು ಖಡಕವಾಸ್ಲಾದಿಂದ ತೇರ್ಗಡೆಯಾಗಿ ಹೊರಬಂದರು.

ಖಡಕವಾಸ್ಲಾ ಎಲ್ಲಿ ಅದ? ಪುಣೆ ಹತ್ತಿರ. ಉಮರ್ಗಾದ ಹೆದ್ದಾರಿ ಮ್ಯಾಲೆ ನಿಂತು ಸೋಲಾಪುರ ಕಡಿ ಹೊರಟ್ರ ಪುಣೆ, ತಿರುಗಿ ನಿಂತ್ರ ಹೈದರಾಬಾದ್. ಎರಡೂ ಅಕಾಡೆಮಿ ನಮ್ಮ ಒಂದೇ ರಸ್ತೆಯ ಎರಡು ತುದಿಗೆ ಅವ. ನಮ್ಮ ಮಂದಿ ಆ ರಸ್ತೆ ಹಿಡಿದು ಕಬ್ಬು ಕಡಿಯಾಕ, ಇಟ್ಟಂಗಿ ಹೊರಾಕ ಹೋಗ್ಯಾರ. ಮಗಳು ಓದಾಕ ಯಾಕ ಹೋಗಬಾರದು?

ಆದರೆ ಸುಳ್ಳು ಆಸೆ ಹಚ್ಚೋದು ನನಗ ಬೇಡ. 2022ರ ಎನ್.ಡಿ.ಎ. ಪ್ರಕಟಣೆಯಲ್ಲಿ ವಾಯುಸೇನೆಯ ಹಾರಾಟ ವಿಭಾಗಕ್ಕೆ 92 ಸ್ಥಾನ ಇದ್ದವು. ಅದರಾಗ ಹೆಣ್ಣುಮಕ್ಕಳಿಗೆ ಇದ್ದದ್ದು 2. ಅರ್ಜಿಗೆ ನಮಗೆ ಶುಲ್ಕವಿಲ್ಲ, ಆದರೆ ಮೀಸಲಾತಿಯೂ ಇಲ್ಲ. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600, ಅದರಲ್ಲಿ ಇಂಗ್ಲಿಷಿಗೇ 200. ಆಮೇಲೆ ಐದು ದಿನದ ಸಂದರ್ಶನಕ್ಕೆ 900. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಒಳಗೆ. ಅದು ತಪ್ಪಿದರೆ ಪದವಿ ಮುಗಿಸಿ, 20ರಿಂದ 24ರ ವಯಸ್ಸಿನಲ್ಲಿ ವಾಯುಸೇನೆಯ ಎಎಫ್‌ಕ್ಯಾಟ್ ಪರೀಕ್ಷೆ ಬರೆಯಬಹುದು. ಅದು ವರ್ಷಕ್ಕೆ ಎರಡು ಸಲ ನಡೀತದ.

ಚಿಕ್ಕಮಗಳೂರು ಜಿಲ್ಲೆಯ ಮರ್ಲೆ ಎಂಬ ಹಳ್ಳಿಯ ಮೇಘನಾ ಶಾನಭಾಗ್ ಎಂಜಿನಿಯರಿಂಗ್ ಓದಿದ ಮೇಲೇ ವಾಯುಸೇನೆಗೆ ಹೋದವರು. 2018ರಲ್ಲಿ ಯುದ್ಧ ಪೈಲಟ್ ಆದರು, ಕರ್ನಾಟಕದಿಂದ ಮೊದಲನೆಯವರು. ಆದರೆ ಅವರ ತಂದೆ-ತಾಯಿ ಇಬ್ಬರೂ ಕಾನೂನು ಓದಿದವರು. ಮನೆಯಲ್ಲಿ ಪುಸ್ತಕ ಇತ್ತು, ದಾರಿ ಹೇಳುವವರಿದ್ದರು. ನಮ್ಮ ಹುಡುಗಿಗೆ ಬುದ್ಧಿ ಕಡಿಮೆ ಅಲ್ಲ, ಬೆನ್ನಹಿಂದಿನ ಆ ಮನಿ ಕಡಿಮೆ.

ನಮ್ಮ ಓಣಿಯ ಒಬ್ಬ ಹುಡುಗಿಗೆ ಹತ್ತನೇತ್ತದಾಗ ಗಣಿತಕ್ಕ ಛಲೋ ಅಂಕ ಬಂದಿದ್ವು. ಸೈನ್ಸ್ ಓದತೀನಿ ಅಂದ್ಲು. ಕಾಲೇಜು ತಾಲೂಕಿನ ಊರಾಗ. ಅವರಪ್ಪ ನಮ್ಮನ್ನ ಒಂದೇ ಮಾತು ಕೇಳಿದ: “ಸಂಜಿ ಬಸ್ಸು ತಪ್ಪಿದ್ರ ಆಕಿನ್ನ ಯಾರ ಕರಕೊಂಡು ಬರ್ತೀರಿ?” ಯಾರೂ ಬಾಯಿ ತೆಗೀಲಿಲ್ಲ. ನಾನೂ ಸುಮ್ಮನೆ ಕೂತಿದ್ದೆ. ಆಕಿ ಆರ್ಟ್ಸ್ ತಗೊಂಡ್ಲು, ಮರುವರ್ಷ ಲಗ್ನ ಆತು. ಅವತ್ತು ಆಕಿಗೆ ಬಾಗಿಲು ಮುಚ್ಚಿದ್ದು ಸರ್ಕಾರ ಅಲ್ಲ, ನಮ್ಮ ಸುಮ್ಮನಿರುವಿಕೆ.

ಅದಕ್ಕ ಸಂಘದ ತಮ್ಮಂದಿರಿಗೆ ನಾಲ್ಕು ಕೆಲಸ ಹೇಳ್ತೀನಿ.

ಒಂದು, ಹತ್ತನೇ ತರಗತಿಯ ಪ್ರತಿ ಹುಡುಗಿಯ ಹೆಸರು ಬರೆದಿಡ್ರಿ. ಗಣಿತ, ಭೌತಶಾಸ್ತ್ರ ಬಿಟ್ಟವಳಿಗೆ ಪೈಲಟ್ ಆಗೋ ದಾರಿ ಅಲ್ಲೇ ಮುಗೀತದ. ಇಟ್ಟುಕೊಂಡವಳು ಪೈಲಟ್ ಆಗದಿದ್ದರೂ ಎಂಜಿನಿಯರ್ ಆಗಬಹುದು, ನೆಲದ ಮೇಲಿನ ವಿಭಾಗದ ಅಧಿಕಾರಿ ಆಗಬಹುದು. ಪಟ್ಟ ಕಷ್ಟ ನೀರಾಗ ಹೋಗೋದಿಲ್ಲ.

ಎರಡು, ಸಂಜೆ ಬಸ್ಸಿಗೆ ಕಾಯೋ ಜವಾಬ್ದಾರಿ ಪಾಳಿ ಹಚ್ಚಿ ನೀವು ಹೊರ್ರಿ, ಜೋಡಿಗೆ ಒಬ್ಬ ಅಕ್ಕನೋ ಅವ್ವನೋ ಇರಲಿ. ಕಬ್ಬಿಗೆ ಹೋಗುವ ಕುಟುಂಬದ ಹುಡುಗಿಯನ್ನ ಆ ತಿಂಗಳು ಯಾರ ಮನೆಯಲ್ಲಿ ಇಟ್ಟುಕೊಳ್ಳೋದು ಅಂತ ದೀಪಾವಳಿಗೆ ಮೊದಲೇ ಮಾತಾಡಿರಿ.

ಮೂರು, ಸಂಘದ ಕೋಣೆಯಲ್ಲಿ ದಿನಾ ಒಂದು ತಾಸು ಇಂಗ್ಲಿಷ್ ಓದು ನಡೀಲಿ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ ಆಡುವ ಮಕ್ಕಳಿಗೆ ಮೂರನೆಯ ಭಾಷೆ ಭಾರ ಅಲ್ಲ, ರೂಢಿ ಬೇಕಷ್ಟೇ. ನಾಸಿಕದಲ್ಲಿ ಹೆಣ್ಣುಮಕ್ಕಳಿಗೆ ಎನ್.ಡಿ.ಎ. ತಯಾರಿ ಮಾಡಿಸುವ ಸರ್ಕಾರಿ ಸಂಸ್ಥೆ 2023ರಲ್ಲಿ ಶುರುವಾಗಿದೆ. ಅದರ ಪ್ರವೇಶ ಪರೀಕ್ಷೆಯ ತಾರೀಖು ನಮ್ಮ ಫಲಕದ ಮೇಲೆ ಇರಬೇಕು.

ನಾಲ್ಕನೆಯದು ಅವ್ವಂದಿರಿಗೆ. ಪೈಲಟ್‌ಗೆ ಎತ್ತರ, ಕಣ್ಣು, ರಕ್ತ ಎಲ್ಲ ನೋಡ್ತಾರ. ಮನೆಯಲ್ಲಿ ಎಲ್ಲರೂ ಉಂಡ ಮ್ಯಾಲೆ ಉಳಿದದ್ದು ಮಗಳಿಗೆ ಅನ್ನೋದು ಇವತ್ತೇ ಬಿಡ್ರಿ. ಮೊಟ್ಟೆ ಇದ್ದರೆ ಆಕಿ ತಾಟಿಗೂ ಒಂದು ಬೀಳಲಿ. ಲಗ್ನದ ಅವಸರನೂ ಬಿಡ್ರಿ. 1942ರಲ್ಲಿ ನಾಗಪುರದ ಮಹಿಳಾ ಪರಿಷತ್ತಿನಲ್ಲಿ ಬಾಬಾಸಾಹೇಬರು ನಮ್ಮ ಅಜ್ಜಿಯರಿಗೆ ಇದನ್ನೇ ಹೇಳಿದ್ದರು. ಮದುವೆಯಾದವಳಿಗೆ ಎನ್.ಡಿ.ಎ. ಇಲ್ಲ.

ಮುಂದಿನ ವರ್ಷ ಇದೇ ಮೈದಾನದಾಗ ಕೂಡೋಣ. ಪೈಲಟ್ ಆದ ಮಗಳನ್ನ ತೋರಿಸ್ರಿ ಅಂತ ನಾನು ಕೇಳೋದಿಲ್ಲ. ಹನ್ನೊಂದನೇ ಸೈನ್ಸಿಗೆ ಸೇರಿ, ಸಂಜೆ ಬಸ್ಸಿನಿಂದ ಸುರಕ್ಷಿತವಾಗಿ ಮನೆಗೆ ಬರೋ ಹುಡುಗಿಯರು ಎಷ್ಟು ಮಂದಿ ಅಂತ ಕೇಳ್ತೀನಿ. ಅವತ್ತು ಆ ಅಪ್ಪ ಕೇಳಿದ ಮಾತಿಗೆ ನಾವು ಕೊಡಬೇಕಾದ ಉತ್ತರ ಅದು.

ಜೈ ಭೀಮ್. ಜೈ ಭಾರತ.