ಸುರಪುರದ ಅರಸ, ಟೇಲರ್ ಸಾಹೇಬ, ಸಾಲಾರ್ ಜಂಗ್

(ಕಡೇಚೂರಿನಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲಿ ದಿನಕ್ಕೊಬ್ಬ ಅರಸ ದೇವರಾಗುತ್ತಾನೆ, ಇನ್ನೊಬ್ಬ ದ್ರೋಹಿಯಾಗುತ್ತಾನೆ. ಆತ ಯಾರ ಪೈಕಿ ಎಂದು ನೋಡಿ ಮಕ್ಕಳು ಪಕ್ಷ ಹಿಡಿಯುತ್ತಾರೆ. ಒಂದೇ ಬೆಂಚಿನ ಗೆಳೆಯರು ಇದಕ್ಕಾಗಿ ಮಾತು ಬಿಟ್ಟಿದ್ದನ್ನು ಕಂಡಿದ್ದೇನೆ. ದೂರದ ಉದಾಹರಣೆ ಬೇಡ, ನಮ್ಮ ಸುರಪುರದ ಕಥೆಯನ್ನೇ ಹೇಳುತ್ತೇನೆ.

ರಾಜಾ ವೆಂಕಟಪ್ಪ ನಾಯಕ ಸಣ್ಣ ಹುಡುಗನಿದ್ದಾಗಲೇ ತಂದೆ ತೀರಿಕೊಂಡರು. ಆಡಳಿತ ನೋಡಲು ಬಂದವರು ಮೆಡೋಸ್ ಟೇಲರ್. ಹುಡುಗ ಅವರನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇಂದಿಗೂ ಇದೆ. 1853ರಲ್ಲಿ ಟೇಲರ್ ಅಧಿಕಾರ ಒಪ್ಪಿಸಿ ಹೋದರು. ಐದು ವರ್ಷದಲ್ಲಿ ಅದೇ ಹುಡುಗ ಇಂಗ್ಲಿಷರ ಮೇಲೆ ತಿರುಗಿಬಿದ್ದ. 1858ರ ಫೆಬ್ರವರಿಯ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಸೇನೆ ಹೆಚ್ಚಿದಾಗ ಅರಸ ತಪ್ಪಿಸಿಕೊಂಡು ಹೈದರಾಬಾದಿಗೆ ಹೋದ. ಅಲ್ಲಿ ಹಿಡಿದು ಇಂಗ್ಲಿಷರಿಗೆ ಒಪ್ಪಿಸಿದ್ದು ನಿಜಾಮರ ದಿವಾನ ಸಾಲಾರ್ ಜಂಗ್.

ಇಲ್ಲಿಗೆ ನಿಲ್ಲಿಸಿದರೆ ತೀರ್ಪು ಸುಲಭ: ವೆಂಕಟಪ್ಪ ವೀರ, ದಿವಾನ ದ್ರೋಹಿ. ಒಬ್ಬ ಬೇಡರ ಅರಸ, ಇನ್ನೊಬ್ಬ ಮುಸಲ್ಮಾನ. ಜಗಳಕ್ಕೆ ಇಷ್ಟು ಸಾಕು.

ಆದರೆ ಅರಸನ ದಂಡಿನಲ್ಲಿ ಅರಬರು, ರೋಹಿಲರು ಇದ್ದರು. 1857ರ ಜುಲೈ 17ರಂದು ಹೈದರಾಬಾದಿನ ರೆಸಿಡೆನ್ಸಿಯ ಮೇಲೆ ನುಗ್ಗಿದವರು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನ್. ಸಾಲಾರ್ ಜಂಗ್ ಅವರ ಪರವಾಗಿಯೂ ನಿಲ್ಲಲಿಲ್ಲ. ಅಂದಮೇಲೆ ಅಂದಿನ ಗೆರೆ ಧರ್ಮದ ಮೇಲೆ ಎಳೆದದ್ದಲ್ಲ. ಇಂದು ಎಳೆಯುತ್ತಿರುವವರು ನಾವು.

ದಿವಾನನ ಕಡೆಯ ಮಾತನ್ನೂ ಕೇಳಿ. ಆತ 1853ರಲ್ಲಿ ಅಧಿಕಾರ ಹಿಡಿದಾಗ ಖಜಾನೆ ಬರಿದಾಗಿತ್ತು, ರಾಜ್ಯ ಸಾಲದಲ್ಲಿತ್ತು. ಹೈದರಾಬಾದ್ ದಂಗೆಗಿಳಿದರೆ ಸಂಸ್ಥಾನವೇ ಉಳಿಯುವುದಿಲ್ಲ ಎಂಬುದು ಆತನ ಲೆಕ್ಕ. ಮುಂದೆ 1865ರಲ್ಲಿ ಜಿಲ್ಲೆಗಳನ್ನು ಮಾಡಿ, ಕಂದಾಯಕ್ಕೆ ಸಂಬಳದ ಅಧಿಕಾರಿಗಳನ್ನು ಇಟ್ಟ. ಗುತ್ತೇದಾರರ ಸುಲಿಗೆ ಬಲ್ಲ ರೈತನಿಗೆ ಅದು ಸಣ್ಣ ಮಾತಲ್ಲ. ಇನ್ನು ಸುರಪುರದವರು ಕೇಳುತ್ತಾರೆ: 1860ರಲ್ಲಿ ಇಂಗ್ಲಿಷರು ನಮ್ಮ ಸೀಮೆಯನ್ನೇ ನಿಜಾಮರಿಗೆ ಬಹುಮಾನ ಕೊಟ್ಟರಲ್ಲ, ಅದು ಯಾವುದರ ಕೂಲಿ? ಆ ಪ್ರಶ್ನೆಯೂ ನ್ಯಾಯವಾದದ್ದೇ.

ಟೇಲರ್ ಕಥೆ ಇನ್ನೂ ಸಿಕ್ಕಿನದು. ಅವರ ಆತ್ಮಕಥೆ ಅವರು ತೀರಿದ ಮೇಲೆ, 1877ರಲ್ಲಿ ಅಚ್ಚಾಯಿತು. ಅರಸನ ತಾಯಿ ಈಶ್ವರಮ್ಮನ ಬಗ್ಗೆ ಅದರಲ್ಲಿ ಬರೆದದ್ದರಲ್ಲಿ ಬಹಳಷ್ಟು ಕಟುವೇ. ರಾಣಿ ತನ್ನ ಕಥೆ ಬರೆದಿಡಲಿಲ್ಲ. ಹೀಗಾಗಿ ಆಕೆಯ ಮಾತು ನಮಗೆ ಸಿಗುವುದು ಆಕೆಯ ಎದುರಾಳಿಯ ಪುಸ್ತಕದಲ್ಲಿ. ಒಂದೇ ಕಡೆಯ ಸಾಕ್ಷಿ ಇದ್ದಾಗ ಓದುವವನು ಎರಡು ಪಟ್ಟು ಎಚ್ಚರದಿಂದಿರಬೇಕು. ಆದರೆ ಅದೇ ಪುಸ್ತಕ ಇನ್ನೊಂದನ್ನೂ ಹೇಳುತ್ತದೆ: ಸೆರೆಯಲ್ಲಿ ಟೇಲರ್ ಕಂಡು ಕೇಳಿದಾಗ, ತನ್ನನ್ನು ಪ್ರಚೋದಿಸಿದವರ ಹೆಸರು ಹೇಳಲು ಅರಸ ಒಪ್ಪಲಿಲ್ಲ. ಅವನನ್ನು ಸೋಲಿಸಿದವರ ಕಡೆಯವನೇ ಬರೆದ ಈ ಮಾತಿಗೆ ಹತ್ತು ಹೊಗಳಿಕೆಯ ಹಾಡಿಗಿಂತ ತೂಕ ಹೆಚ್ಚು.

ಮರಣದಂಡನೆ ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಮದ್ರಾಸಿನ ಕಡೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅರಸ ಸತ್ತ. ಆಗ ವಯಸ್ಸು ಇಪ್ಪತ್ನಾಲ್ಕರ ಆಸುಪಾಸು, ನಮ್ಮ ಬಿಎಡ್ ಹುಡುಗರ ವಯಸ್ಸು. ತಾನೇ ಹೊಡೆದುಕೊಂಡ ಎನ್ನುವವರಿದ್ದಾರೆ, ಹೊಡೆದು ಹಾಕಿದರು ಎನ್ನುವವರೂ ಇದ್ದಾರೆ.

ನಿಮ್ಮ ತೀರ್ಪೇನು ಗುರುಗಳೆ ಎನ್ನುತ್ತೀರಿ. ಇದೆ, ಹೇಳುತ್ತೇನೆ. ಆಶ್ರಯಕ್ಕೆ ಬಂದವನನ್ನು ಒಪ್ಪಿಸಿದ್ದು ಸಾಲಾರ್ ಜಂಗನ ಮೇಲಿನ ಕಲೆ. ಜಿಲ್ಲೆ ಕಟ್ಟಿದ ಕೆಲಸ ಅದನ್ನು ತೊಳೆಯುವುದಿಲ್ಲ, ಆ ಕಲೆಯಿಂದ ಕೆಲಸವೂ ಅಳಿಸಿಹೋಗುವುದಿಲ್ಲ. ವೆಂಕಟಪ್ಪನನ್ನು ನಾನು ಮೆಚ್ಚುವುದು ಕತ್ತಿಗಿಂತ ಹೆಚ್ಚಾಗಿ, ಆ ಹೆಸರುಗಳನ್ನು ಹೇಳದೆ ಇದ್ದುದಕ್ಕೆ. ನೀವು ಒಪ್ಪಲೇಬೇಕೆಂದಿಲ್ಲ.

ದಾನಿಗಳಲ್ಲಿ ಒಂದು ವಿನಂತಿ. ಫೀಸಿನ ಜೊತೆಗೆ ವರ್ಷಕ್ಕೊಮ್ಮೆ ಮಕ್ಕಳಿಗೆ ಸುರಪುರಕ್ಕೆ ಹೋಗಿಬರುವ ಬಸ್ ಖರ್ಚನ್ನೂ ಸೇರಿಸಿ. ಮಕ್ಕಳೆ, ಅಲ್ಲಿ ಗುಡ್ಡ ಹತ್ತಿ ಟೇಲರ್ ಮಂಜಿಲ್ ನೋಡಿ, ಆಮೇಲೆ ಇಳಿದು ಊರೊಳಗಿನ ಮುದುಕರನ್ನು ಮಾತಾಡಿಸಿ. ಅರಸ ಹೇಗೆ ಸತ್ತನೆಂದು ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು ಬನ್ನಿ. ಮುಂದಿನ ಸಭೆಗೆ ಬಂದರೆ ನಾನು ಓದುತ್ತೇನೆ.